ಮುದುಕಿಯ ಹೊಗೆ

ಮಾರ್ಚ್ 3, ಬೆಳಿಗ್ಗೆ

ಮತ್ತೆ ಟಿಕ್ ಟಿಕ್. ಎಂಜಿನ್ ತಣ್ಣಗಿದ್ದಾಗ ಮಾತ್ರ. ಬಿಸಿಯಾದ ಕೂಡಲೇ ಏನೂ ಗೊತ್ತಿಲ್ಲದವಳ ಹಾಗೆ ಸುಮ್ಮನಾಗುತ್ತದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟೇ ಇರಬೇಕು, ಎಂಜಿನ್ನಿಗೂ ಹೊಗೆ ಪೈಪಿಗೂ ನಡುವೆ ಕೂರುವ ತೆಳು ಪಟ್ಟಿ. ಹೊಗೆ ಪೈಪಿಗೆ ಸೇರುವ ಮೊದಲೇ ಅಲ್ಲಿಂದ ಸೋರುತ್ತಿದೆ.

ಇಷ್ಟು ವರ್ಷ ಸಿಟಿ ಬಸ್ ಓಡಿಸಿದ ಕಿವಿ ಇದು, ಸುಳ್ಳು ಹೇಳುವುದಿಲ್ಲ. ಈಗ ಅದನ್ನೇ ನಂಬಿಕೊಂಡಿದ್ದೇನೆ. ಮೂಗು ಕಳೆದ ಚಳಿಗಾಲದ ಜ್ವರದಲ್ಲಿ ಸತ್ತುಹೋಯಿತು. ಕಾಫಿಯೂ ಒಂದೇ, ಫಿನಾಯಿಲೂ ಒಂದೇ. ಯಾರಿಗೂ ಹೇಳಿಲ್ಲ, ಅಕ್ಕನಿಗೂ ಇಲ್ಲ. ಹೇಳಿದರೆ, ಸುಟ್ಟ ವಾಸನೆ ತಿಳಿಯದವಳ ಕೈಗೆ ಸ್ಟೀರಿಂಗ್ ಯಾಕೆ ಅನ್ನುತ್ತಾರೆ. ಅನ್ನುವುದು ನ್ಯಾಯವೇ.

ಅಕ್ಕ ಹಿಂದಿನ ಹಾಸಿಗೆಯಿಂದ ಕೂಗಿದಳು: "ಡ್ರೈವರಮ್ಮ, ನಿನ್ನ ಮುದುಕಿಗೆ ಇನ್ನೂ ಮೈ ಸರಿ ಹೋಗ್ಲಿಲ್ವಾ?"

ಮುದುಕಿ ಅಂದರೆ ಗಾಡಿ. ಹಾಸಿಗೆ, ಒಲೆ, ಸಿಂಕು ಎಲ್ಲ ಹೊತ್ತ ಹಳೇ ಡೀಸೆಲ್ ವ್ಯಾನು — ನಮ್ಮ ಮನೆಗಾಡಿ. ಇಬ್ಬರ ಗಂಡಂದಿರೂ ಹೋಗಿ, ಇಬ್ಬರಿಗೂ ರಿಟೈರ್ ಆಗಿ, ಸೇರಿ ಕೊಂಡದ್ದು. ಮೂವರು ಮುದುಕಿಯರಲ್ಲಿ ಇವಳೇ ಚಿಕ್ಕವಳು ಅಂತ ಅಕ್ಕ ಪೆಟ್ರೋಲ್ ಬಂಕಿನವರ ಹತ್ತಿರವೂ ಹೇಳುತ್ತಾಳೆ.

"ಕೆಮ್ಮು, ಅಷ್ಟೇ. ನೀನು ಮಲಗು," ಅಂದೆ.

ಮಾರ್ಚ್ 3, ಸಂಜೆ

ಹಗಲೆಲ್ಲ ಓಡಿಸಿದೆ. ಅಕ್ಕ ಹಿಂದೆ ಮಲಗಿಯೇ ಬಂದಳು. ಕೂತರೆ ಸೊಂಟ ಹಿಡಿಯುತ್ತದಂತೆ. ಗಾಳಿಯಾಡಲಿ ಅಂತ ಅವಳ ತಲೆಯ ಬಳಿಯ ಕಿಟಕಿ ತೆಗೆದಿಟ್ಟಿದ್ದೆ.

ನದಿ ಪಕ್ಕದ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಇಸ್ಪೀಟು ಆಡಿದೆವು. ನಾನೇ ಗೆದ್ದೆ. ಮತ್ತೆ ಗೆದ್ದೆ. ಗಣಿತದ ಟೀಚರ್ ಆಗಿದ್ದರೂ ಎಲೆ ಕದಿಯುವುದರಲ್ಲಿ ಅಕ್ಕ ಎತ್ತಿದ ಕೈ. ಜೋಕರ್ ಅವಳ ತೊಡೆಯ ಕೆಳಗೇ ಹುಟ್ಟುತ್ತದೆ. ಇವತ್ತು ಕದಿಯಲೇ ಇಲ್ಲ. ಎಲೆಗಳನ್ನು ಹಿಡಿದುಕೊಂಡು ಕೂತಳು, ಕೂತೇ ಇದ್ದಳು. "ಯಾರ ಸರದಿ?" ಅಂದಳು. ಅವಳದ್ದೇ.

ಗೆದ್ದಿದ್ದಕ್ಕೆ ಕುಣಿದಾಡಬೇಕಿತ್ತು. ಎಲೆಗಳನ್ನು ಜೋಡಿಸಿ ಡಬ್ಬಿಗೆ ಹಾಕಿದೆ.

ಮಾರ್ಚ್ 6

ಅಕ್ಕನ ಮಗ ಫೋನ್ ಮಾಡಿದ. ಕನ್ನಡಕದ ಅಂಗಡಿ ಇಟ್ಟವನು. ಅಳತೆ ತೆಗೆದ ಹಾಗೆ ಮಾತಾಡುತ್ತಾನೆ. "ಚಿಕ್ಕಮ್ಮ, ಅಮ್ಮ ನಿನ್ನೆ ನನ್ನ ಮಗಳು ಯಾವ ಕ್ಲಾಸು ಅಂತ ಕೇಳಿದ್ಲು. ಹೇಳ್ದೆ. ಫೋನ್ ಇಡೋಷ್ಟರಲ್ಲಿ ಮತ್ತೆ ಕೇಳಿದ್ಲು. ಆಮೇಲೆ ಇನ್ನೊಂದ್ಸಲ."

"ಸುಸ್ತಾಗಿರುತ್ತೆ ಕಣೋ."

"ಸುಸ್ತಲ್ಲ. ನಿಮಗೂ ಗೊತ್ತು. ಸುತ್ತಾಡಿದ್ದು ಸಾಕು. ನಾನು ಬಂದು ಕರ್ಕೊಂಡು ಹೋಗ್ತೀನಿ, ಡಾಕ್ಟರಿಗೆ ತೋರಿಸ್ಬೇಕು."

ಇನ್ನೊಂದೆರಡು ವಾರ ತಡಿ ಅಂದೆ. ಒಳ್ಳೆ ಹುಡುಗ, ತಾಯಿಯನ್ನು ಬಿಟ್ಟುಹಾಕುವವನಲ್ಲ. ಅದೇ ಹೆದರಿಕೆ. ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು.

ಅಕ್ಕ ಹೋದರೆ ನಾನು ಯಾರ ಜೊತೆ ಇರಲಿ? ಅದಕ್ಕಿಂತ ಮೊದಲು — ಅಕ್ಕ ಇಲ್ಲಿದ್ದುಕೊಂಡೇ ನನ್ನ ಕೈತಪ್ಪಿ ಹೋಗುತ್ತಿದ್ದಾಳಾ?

ಮಾರ್ಚ್ 8

ಕೈಗೆ ಕೆಲಸ ಕೊಟ್ಟರೆ ತಲೆ ಸುಮ್ಮನಿರುತ್ತದೆ. ಮುಂದಿನ ಎರಡು ಸೀಟುಗಳ ನಡುವಿನ ಎಂಜಿನ್ ಮುಚ್ಚಳ ತೆಗೆದು ಪಕ್ಕಕ್ಕಿಟ್ಟೆ. ಬೋಲ್ಟುಗಳೆಲ್ಲ ತುಕ್ಕು. ನಿನ್ನೆಯೇ ಎಣ್ಣೆ ಕುಡಿಸಿಟ್ಟಿದ್ದೆ. ಆದರೂ ಕೊನೆಯದೊಂದು ಹಟ ಹಿಡಿಯಿತು. ಬೈದೆ. ಬಿಸಿ ಮಾಡಿದೆ. ಮುದ್ದು ಮಾಡಿದೆ. ಕೊನೆಗೆ ಕಿರ್ರ್ ಅಂತ ಬಿಟ್ಟುಕೊಟ್ಟಿತು. ಹಳೇ ಗ್ಯಾಸ್ಕೆಟ್ ಕೈಗೆ ಬಂದಾಗ ಒಂದು ಕಡೆ ಪೂರ್ತಿ ಕರಿ, ಹಪ್ಪಳದ ಹಾಗೆ ಮುರಿಯಿತು.

ಹೊಸದು ಕೂರಿಸಿ ಸ್ಟಾರ್ಟ್ ಮಾಡಿದೆ. ಕಿವಿ ಕೊಟ್ಟು ಕೇಳಿದೆ. ಟಿಕ್ ಇಲ್ಲ.

ಮೊಣಕೈವರೆಗೆ ಮಸಿ ಬಳಿದುಕೊಂಡು ಗಾಡಿ ಸುತ್ತ ಒಂದು ಸುತ್ತು ಬಂದೆ, ಪಂದ್ಯ ಗೆದ್ದವಳ ಹಾಗೆ. ಅಕ್ಕ ಚಪ್ಪಾಳೆ ತಟ್ಟಿದಳು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು ಕಿಟಕಿ ಪಕ್ಕ ಹೋಗಿ ಕೂತಳು.

ಮಾರ್ಚ್ 10, ಸಂಜೆ

ಗಾಡಿ ಚೆನ್ನಾಗಿ ಓಡಿತು. ಅಕ್ಕ ಚೆನ್ನಾಗಿಲ್ಲ. ತಲೆನೋವು. ಇಳಿದ ಕೂಡಲೇ ವಾಂತಿ. ಮುಖದಲ್ಲಿ ರಕ್ತವೇ ಇಲ್ಲ.

ಆಮೇಲೆ ಒಲೆಯ ಮೇಲೆ ಹಾಲಿಟ್ಟು ಬಂದು ನನ್ನ ಬೆನ್ನ ಹಿಂದೆಯೇ ಕೂತಳು. ನಾನು ಮ್ಯಾಪ್ ನೋಡುತ್ತಿದ್ದೆ. ಕಣ್ಣು ಉರಿಯಿತು ಅಂತ ತಿರುಗಿದೆ — ಪಾತ್ರೆ ಕಪ್ಪು, ಚಾವಣಿಗೆಲ್ಲ ಹೊಗೆ. ಅಕ್ಕ ಮಂಕಾಗಿ ಕೂತಿದ್ದಾಳೆ, ಹಾಲಿಟ್ಟದ್ದೇ ನೆನಪಿಲ್ಲ. ಅದು ಸೀದದ್ದು ನನಗೆ ಗೊತ್ತಿಲ್ಲ. ಹತ್ತು ಹೆಜ್ಜೆಯ ಮನೆಯಲ್ಲಿ ಇಬ್ಬರು ದೊಡ್ಡ ಹೆಂಗಸರು!

ಪಾತ್ರೆ ತಿಕ್ಕುತ್ತಾ ನಕ್ಕೆವು. ಅಕ್ಕ ನಗುತ್ತಿದ್ದವಳು ಅತ್ತಳು. "ಏನಾಗ್ತಿದೆ ನಂಗೆ? ತಲೆಯೊಳಗೆ ಹತ್ತಿ ತುಂಬಿದ ಹಾಗಿದೆ ಕಣೇ."

ಅವಳು ಮಲಗಿದ ಮೇಲೆ ಹೊರಗೆ ಹೋಗಿ ಅವಳ ಮಗನಿಗೆ ಫೋನ್ ಮಾಡಿದೆ. ಬಾ ಅಂದೆ.

ಮಾರ್ಚ್ 14

ಅವನಿಗಾಗಿ ಇಲ್ಲೇ ನಿಂತಿದ್ದೇವೆ, ಗಾಡಿ ಅಲ್ಲಾಡಿಸಿಲ್ಲ. ನಾಳೆ ಬರುತ್ತಾನೆ.

ವಿಚಿತ್ರ. ಅಕ್ಕ ದಿನದಿನಕ್ಕೆ ಗೆಲುವಾಗುತ್ತಿದ್ದಾಳೆ. ನಿನ್ನೆ ಇಸ್ಪೀಟಿನಲ್ಲಿ ನನ್ನ ಕಣ್ಣೆದುರೇ ರಾಣಿಯನ್ನು ಸೆರಗಿಗೆ ಸೇರಿಸಿದಳು. ಕಂಡೂ ಕಾಣದ ಹಾಗಿದ್ದೆ, ಅಷ್ಟು ಸಂತೋಷವಾಗಿತ್ತು. ನಿಂತರೆ ಚುರುಕು, ಓಡಿಸಿದರೆ ಮಂಕು. ಪ್ರಯಾಣವೇ ಆಗಿಬರುವುದಿಲ್ಲವೇನೋ ಅಂದುಕೊಂಡೆ.

ಬೆಳಿಗ್ಗೆ ಅವಳ ಬಟ್ಟೆ ಕಟ್ಟಲು ಶುರು ಮಾಡಿದೆ. ಹಾಸಿಗೆ ಒಣಗಿಸೋಣ ಅಂತ ಎತ್ತಿದೆ. ಅಡಿಯಲ್ಲಿ ಅಂಗೈ ಅಗಲ ಕಪ್ಪು. ಬೂಷ್ಟು ಅಂದುಕೊಂಡು ಒರೆಸಿದೆ. ಬೆರಳಿಗೆ ಅಂಟಿತು. ಈ ಕರಿ ನನಗೆ ಗೊತ್ತು. ಮೊನ್ನೆ ತೆಗೆದ ಗ್ಯಾಸ್ಕೆಟ್ಟಿನ ಕರಿಯೇ.

ಕೆಳಗಿನ ಹಲಗೆ ತೆಗೆದೆ. ಹಳೇ ನೀರಿನ ಪೈಪ್ ಕಿತ್ತಾಗ ನೆಲದಲ್ಲಿ ತೂತು ಉಳಿದಿತ್ತು. ಆಗ ಬಟ್ಟೆ ತುರುಕಿ, ಆಮೇಲೆ ಮುಚ್ಚಿದರಾಯಿತು ಅಂತ ಬಿಟ್ಟವಳು ನಾನೇ. ಬಟ್ಟೆ ಇದ್ದಿಲಾಗಿದೆ. ಹೊಗೆ ನೇರ ಅಕ್ಕನ ದಿಂಬಿಗೆ. ಜೊತೆಗೆ ನಾನು ತೆಗೆದಿಡುತ್ತಿದ್ದ ಆ ಕಿಟಕಿ — ಗಾಡಿ ಓಡುವಾಗ ಅದು ಗಾಳಿಯನ್ನು ಹೊರಗೆಳೆಯುತ್ತದೆ, ಆ ಜಾಗಕ್ಕೆ ಕೆಳಗಿನಿಂದ ಹೊಗೆ ಬಂದು ತುಂಬುತ್ತದೆ. ಡ್ರೈವರ್ ನಾನು. ನನಗೆ ಹೊಳೆಯಬೇಕಿತ್ತು.

ಅಕ್ಕನನ್ನು ಕರೆದು ತೋರಿಸಿದೆ. "ಹೊಗೆ ವಾಸನೆ ಬರ್ತಿತ್ತಾ ನಿಂಗೆ?"

"ಬರ್ತಿತ್ತಲ್ಲ. ಮೊದಲಿಂದ್ಲೂ."

"ಯಾಕೆ ಹೇಳ್ಲಿಲ್ಲ?"

"ನಿಂಗೂ ಬರ್ತಿದೆ ಅಂದ್ಕೊಂಡೆ. ನೀನು ಸುಮ್ನಿದ್ದೆ, ಡೀಸೆಲ್ ಗಾಡಿ ಅಂದ್ರೆ ಹೀಗೇ ಇರ್ಬೇಕು ಅಂದ್ಕೊಂಡೆ. ಅದರಡಿ ಬಿದ್ದು ಇಷ್ಟು ಒದ್ದಾಡ್ತೀಯ… ನಿನ್ನ ಮುದುಕಿ ನಾತ ಹೊಡೀತಾಳೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಆಗಲೇ ನನ್ನ ಮೂಗಿನ ವಿಷಯ ಹೇಳಬೇಕಿತ್ತು. ಹಲಗೆ ಎತ್ತಿ ಮುಚ್ಚಿದೆ.

ಮಾರ್ಚ್ 15

ಅಕ್ಕನ ಮಗ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕಾರಿನಿಂದ ಇಳಿದ. ಇಳಿದವನ ಕೈಗೆ ಒದ್ದೆ ಬಟ್ಟೆ ಕೊಟ್ಟೆ.

"ಗಾಡಿ ಹಿಂದೆ ಕೂತ್ಕೋ. ನಾನು ಹೇಳಿದಾಗ ಸೈಲೆನ್ಸರ್ ಪೈಪಿನ ಬಾಯಿಗೆ ಇದನ್ನ ಅದುಮಿ ಹಿಡಿ. ಮುಖ ಆಚೆ ತಿರುಗಿಸ್ಕೋ."

"ನಾನು ಅಮ್ಮನ್ನ ಕರ್ಕೊಂಡು ಹೋಗಕ್ಕೆ ಬಂದಿರೋದು ಚಿಕ್ಕಮ್ಮ."

"ಕರ್ಕೊಂಡು ಹೋಗುವಂತೆ. ಮೊದಲು ಹಿಡಿ."

ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಓಡಲು ಬಿಟ್ಟು, ಸೋಪಿನ ನೀರು ಮತ್ತು ಬ್ರಷ್ ಹಿಡಿದು ಗಾಡಿಯಡಿಗೆ ನುಗ್ಗಿದೆ. ಹೊಗೆಗೆ ಹೊರದಾರಿ ಕಟ್ಟಿದರೆ ಕಳ್ಳದಾರಿ ತೋರಿಸುತ್ತದೆ. ಮುಂದಿನ ಜೋಡಣೆಗಳಲ್ಲಿ ಏನಿಲ್ಲ. ಸೈಲೆನ್ಸರ್ ಹಿಂದಿನ ಜೋಡಣೆಗೆ ಬ್ರಷ್ ತಾಗಿಸಿದ್ದೇ ತಡ, ಬುಳುಬುಳು ಗುಳ್ಳೆ. ತುಕ್ಕು ತಿಂದು ಅಲ್ಲಿ ತಗಡೇ ಇಲ್ಲ. ಸದ್ದೂ ಇಲ್ಲ, ಮೆತ್ತಗೆ ಸೋರುತ್ತಿದೆ. ನನ್ನ ಕಿವಿಗೆ ಸಿಕ್ಕದೇ ಇದ್ದದ್ದು ಅದಕ್ಕೇ. ಅದು ಸಾಲದು ಅಂತ, ಗಾಡಿಯ ಬೆನ್ನಿಗೆ ಸಾಮಾನಿನ ಪೆಟ್ಟಿಗೆ ಕೂರಿಸಲು ಒಮ್ಮೆ ನಾನೇ ಪೈಪಿನ ತುದಿ ಕತ್ತರಿಸಿದ್ದೆ, ಅಲ್ಲಿಂದ ಬಂದದ್ದೂ ಗಾಡಿಯಡಿಯೇ ಸುತ್ತುತ್ತಿತ್ತು.

ಹೊರಗೆ ಬಂದರೆ ಹುಡುಗ ಕೆಮ್ಮುತ್ತಾ ದೂರ ನಿಂತಿದ್ದ, ಅಂಗಿ ತುಂಬ ಮಸಿ. "ಅಬ್ಬಾ! ಚಿಕ್ಕಮ್ಮ, ಇಷ್ಟು ವಾಸನೆ… ಇಷ್ಟು ದಿನ ನಿಮಗೆ ಗೊತ್ತೇ ಆಗ್ಲಿಲ್ವಾ?"

ಅಕ್ಕ ಮೆಟ್ಟಿಲ ಮೇಲೆ ನಿಂತಿದ್ದಳು. ಇನ್ನು ಎಲ್ಲಿ ಅಂತ ಅಡಗಲಿ?

"ನಂಗೆ ಮೂಗಿಲ್ಲ ಕಣೋ," ಅಂದೆ. "ಆ ಜ್ವರ ಬಂದಾಗಿಂದ ಏನೂ ವಾಸನೆ ಬರಲ್ಲ."

ಅಕ್ಕ ಅಲ್ಲೇ ಕೂತಳು. ಬೈದಳು. ಹುಟ್ಟಿದಾಗಿನಿಂದ ಅಷ್ಟು ಬೈಸಿಕೊಂಡಿಲ್ಲ. "ಹಲ್ಲು ಕಿತ್ತಿಸ್ಕೊಂಡ್ರೂ ನನಗೇ ಮೊದಲು ಫೋನ್ ಮಾಡ್ತಿದ್ದೆ. ಇದನ್ನ ಮುಚ್ಚಿಟ್ಯಾ? ನನ್ನಿಂದ? ಒಬ್ಳೇ ಇಟ್ಕೊಂಡು ಕೊರಗಿದ್ಯಾ?"

ಹೊಗೆ ಕುಡಿಸಿದ್ದಕ್ಕೆ ಬೈಯಲಿಲ್ಲ. ಒಬ್ಬಳೇ ಕೊರಗಿದ್ದಕ್ಕೆ ಬೈದಳು. ಇನ್ನು ನಿನ್ನಿಂದ ಏನೂ ಮುಚ್ಚಿಡಲ್ಲ ಅಂತ ಅವಳ ತಲೆ ಮುಟ್ಟಿ ಆಣೆ ಮಾಡಿದೆ. ಮಸಿ ಕೈ. ಅವಳ ಬಿಳಿ ಕೂದಲಲ್ಲಿ ಐದು ಬೆರಳು ಮೂಡಿದವು.

ಮಾರ್ಚ್ 18

ವೆಲ್ಡಿಂಗ್‌ನವನು ಹೊಸ ಸೈಲೆನ್ಸರ್ ಹಾಕಿದ. ಪೈಪನ್ನು ಬಂಪರಿನಿಂದ ಆಚೆಗೆ ಬರುವ ಹಾಗೆ ಉದ್ದ ಮಾಡಿದ. ಪೆಟ್ಟಿಗೆ ತೆಗೆಸಿದೆ. ನೆಲದ ತೂತಿಗೆ ತಗಡು ಬಡಿದು ಸುತ್ತ ಸೀಲ್ ಮಾಡಿದ್ದು ನಾನು. ಎಂಜಿನ್ ಮುಚ್ಚಳಕ್ಕೂ ಹೊಸ ರಬ್ಬರ್. ಅಕ್ಕನ ಮಗ ವಿಷಗಾಳಿಗೆ ಕೂಗುವ ಅಲಾರಂ ತಂದು ಹಾಸಿಗೆಯ ಪಕ್ಕ ಹಾಕಿದ.

ಡಾಕ್ಟರ್ ರಕ್ತ ತೆಗೆದುಕೊಂಡರು, ಪ್ರಶ್ನೆ ಕೇಳಿದರು, ಅಕ್ಕನ ಕೈಲಿ ಗಡಿಯಾರದ ಚಿತ್ರ ಬರೆಸಿದರು. "ಹೊಗೆಯಿಂದ ಆಗಿದ್ದೆಷ್ಟು, ವಯಸ್ಸಿಂದ ಆಗಿದ್ದೆಷ್ಟು ಅಂತ ಈಗ್ಲೇ ಹೇಳಕ್ಕಾಗಲ್ಲ. ಕೆಲವು ವಾರ ಒಳ್ಳೆ ಗಾಳೀಲಿ ಇರ್ಲಿ. ಆಮೇಲೆ ನೋಡೋಣ."

ಅಕ್ಕ ನನ್ನ ಮುಖ ನೋಡಿದಳು. ಬೇಡ ಅನ್ನು ಅಂತ ಆ ನೋಟ.

"ಕರ್ಕೊಂಡು ಹೋಗು," ಅಂದೆ ಅವಳ ಮಗನಿಗೆ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸಿದೆ.

ಏಪ್ರಿಲ್ 2

ಗಾಡಿ ನಿಂತಲ್ಲೇ ಇದೆ. ಒಬ್ಬಳೇ ಇಸ್ಪೀಟು. ಕದಿಯಲು ನೋಡಿದೆ, ನನ್ನಿಂದಲೇ. ಮಜಾ ಬರಲಿಲ್ಲ.

ಏಪ್ರಿಲ್ 11

ಅವಳಿಲ್ಲದೆ ಏನೂ ರುಚಿಸುವುದಿಲ್ಲ.

ಏಪ್ರಿಲ್ 27

ಬಂದಳು! ಬಸ್ಸಿನಲ್ಲಿ, ಒಬ್ಬಳೇ, ಹೆಗಲಿಗೆ ಚೀಲ. ಮುಖದಲ್ಲಿ ರಕ್ತ ಇದೆ, ಕಣ್ಣಲ್ಲಿ ಹಳೇ ತುಂಟತನ. ಅಪ್ಪಿಕೊಂಡು ಅತ್ತೆ, ಬಸ್ ಸ್ಟ್ಯಾಂಡ್ ಅಂತಲೂ ನೋಡಲಿಲ್ಲ.

ಸಂಜೆ ಅವಳ ಮಗ ಫೋನ್ ಮಾಡಿದ. ಡಾಕ್ಟರ್ ಎರಡನೇ ಸಲ ನೋಡಿದರಂತೆ. ಬಹುಪಾಲು ಹೊಗೆಯದೇ, ಅದು ಕಳೆದಿದೆ. ಸ್ವಲ್ಪ ಮರೆವು ಅವಳದ್ದೇ, ವಯಸ್ಸಿನದು. ಅದು ಹೋಗುವುದಿಲ್ಲ, ನಿಧಾನಕ್ಕೆ ಬೆಳೆಯುತ್ತದೆ. "ಬೇಡ ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಚಿಕ್ಕಮ್ಮ. ಮೂಗಿಲ್ದೆ ಅವಳೊಬ್ಳೇ ಗಾಡಿ ಓಡಿಸ್ತಾಳೆ, ನಾನು ಹೋಗ್ಲೇಬೇಕು ಅಂತ ಒಂದೇ ಹಟ. ಅಮ್ಮನ್ನ ನೀವು ನೋಡ್ಕೊಳ್ಳಿ ಅಂತ ಹೇಳೋಣ ಅಂದ್ರೆ, ಅವಳು ನಿಮ್ಮನ್ನ ನೋಡ್ಕೊಳ್ಳಕ್ಕೆ ಬಂದಿದ್ದಾಳೆ."

ಅಕ್ಕ ಹಿಂದೆ ಮಲಗಲು ಒಪ್ಪುತ್ತಿಲ್ಲ. ಸೊಂಟಕ್ಕೆ ದಿಂಬು ಕೊಟ್ಟು ಮುಂದಿನ ಸೀಟಿನಲ್ಲೇ ಕೂರುತ್ತಾಳಂತೆ.

ಮೇ 5, ಬೆಳಿಗ್ಗೆ

ರಸ್ತೆ ಬದಿ. ಒಂದು ಬೇಕರಿಯ ಎದುರು.

ಅಕ್ಕ ಇದ್ದಕ್ಕಿದ್ದ ಹಾಗೆ "ನಿಲ್ಸು, ನಿಲ್ಸು!" ಅಂದಳು. ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಎಲ್ಲ ಕಿಟಕಿ ತೆಗೆದೆ. ಅಲಾರಂ ತೆಪ್ಪಗಿದೆ.

"ಏನಕ್ಕ? ಹೊಗೆನಾ?"

"ಹೊಗೆ ಎಲ್ಲಿ? ಬ್ರೆಡ್ಡು! ಈಗ ತಾನೇ ಒಲೆಯಿಂದ ತೆಗೆದಿದ್ದಾರೆ. ಎಷ್ಟು ಘಮ್ ಅಂತಿದೆ, ಅಲ್ವಾ?"

ಅಲ್ವಾ ಅಂತ ನನ್ನ ಕಡೆ ತಿರುಗಿ ಕಾದಳು. ಕಣ್ಣು ನಿರ್ಮಲ. ಮುಖದಲ್ಲಿ ಒಂದಿಷ್ಟೂ ಅನುಮಾನವಿಲ್ಲ.

ಹೂಂ ಅಂದರೆ ಮುಗಿದುಹೋಗುತ್ತಿತ್ತು. ಆಣೆ ಮಾಡಿದ್ದೇನೆ.

"ನಂಗೆ ವಾಸನೆ ಬರಲ್ಲ ಅಕ್ಕ. ಮೂಗು ಹೋಗಿದೆ."

ಸ್ಟೀರಿಂಗ್ ಮೇಲಿದ್ದ ನನ್ನ ಎಡಗೈ ಗಟ್ಟಿಯಾಗಿ ಹಿಡಿದುಕೊಂಡಳು. "ಯಾವಾಗಿಂದ? ಯಾಕೇ ಹೇಳ್ಲಿಲ್ಲ ನಂಗೆ? ಒಬ್ಳೇ ಇಟ್ಕೊಂಡು ಕೊರಗಿದ್ಯಾ?" ಅದೇ ಬೈಗುಳ, ಅದೇ ಕಣ್ಣೀರು. ಎಂಜಿನ್ ಆರಿದೆ. ಕಿಟಕಿಗಳೆಲ್ಲ ತೆಗೆದಿವೆ, ಇದು ಹೊಗೆಯ ಮರೆವಲ್ಲ.

ಜ್ವರ ಬಂದದ್ದರಿಂದ ಹಿಡಿದು ಎಲ್ಲ ಹೇಳಿದೆ, ಮೊದಲ ಸಲ ಹೇಳುವ ಹಾಗೆ. ಬೈಸಿಕೊಂಡೆ. ನಾಳೆ ಕೇಳಿದರೆ ನಾಳೆಯೂ ಹೇಳಬೇಕು.

ಈಗ ನನ್ನ ಎಡಗೈ ಬಿಡುತ್ತಿಲ್ಲ. ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಪುಸ್ತಕ ಜಾರುತ್ತಿದೆ. "ಇರು, ನಾನು ಹೇಳ್ತೀನಿ" ಅನ್ನುತ್ತಿದ್ದಾಳೆ. ಕಣ್ಣೊರೆಸಿಕೊಂಡು, ಕ್ಲಾಸಿನಲ್ಲಿ ಲೆಕ್ಕ ಬಿಡಿಸುವವಳ ಹಾಗೆ ನೆಟ್ಟಗೆ ಕೂತು, ಈ ಬ್ರೆಡ್ಡಿನ ವಾಸನೆ ಹೇಗಿದೆ ಅಂದರೆ—