ಗೌಡಗೆರೆಯವರನ್ನು ಕೇಳಿದ ಪ್ರಶ್ನೆ

ಐ.ಡಿ.ಹಳ್ಳಿ
೧೨-೧೧-೧೯೬೯

ಶಿರಾಕ್ಕೆ ವರ್ಗವಾಗಿ ಹೋದ ನಮ್ಮ ಅಫ್ಜಲುನ್ನೀಸಾ ಮೇಡಂ ಅವರಿಗೆ ಸಿದ್ದಗಂಗಮ್ಮ ಮಾಡುವ ನಮಸ್ಕಾರಗಳು.

ಅಂಚೆಯಲ್ಲೇ ಪಾಠ ಕಳಿಸಿ ಬಿ.ಎ. ಓದಿಸುತ್ತಾರೆಂದು ನೀವು ಕಳಿಸಿದ ವಿವರಣೆ ಪುಸ್ತಕ ತಲುಪಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೇ ಇನ್ನೂ ನಾಲ್ಕು ತಿಂಗಳಿದೆ, ಆದರೂ ತಡೆಯಲಾಗಲಿಲ್ಲ. ಅದರಲ್ಲಿನ ವಿಷಯಗಳ ಪಟ್ಟಿಯಲ್ಲಿ ಚರಿತ್ರೆಗೆ ಗುರುತು ಹಾಕಿದೆ, ಅಳಿಸಿ ಅರ್ಥಶಾಸ್ತ್ರಕ್ಕೆ ಹಾಕಿದೆ, ಮತ್ತೆ ಚರಿತ್ರೆಗೇ ಬಂದೆ. ಅಳಿಸಿ ಅಳಿಸಿ ಹಾಳೆ ತೂತಾಗಿದೆ.

ಸೋಮವಾರ ಗೌಡಗೆರೆಯಿಂದ ನನ್ನನ್ನು ನೋಡಲು ಬಂದಿದ್ದರು. "ಏನಾರ ಕೇಳೋದಿದ್ರೆ ಕೇಳಮ್ಮ" ಎಂದರು ಹುಡುಗನ ತಾಯಿ.

"ನಿಮ್ಮೂರಿಗೆ ಅಂಚೆಯವ್ನು ದಿನಾ ಬರ್ತಾನಾ?" ಎಂದು ಕೇಳಿಬಿಟ್ಟೆ.

"ಯಾರ್ ಕಾಗ್ದ ಬರ್ಬೇಕಂತೆ ಈ ಹುಡ್ಗಿಗೆ?" ಎಂದವರೇ ಎಲೆಅಡಿಕೆಯನ್ನೂ ಮುಟ್ಟದೆ ಎದ್ದುಹೋದರು.

ಅಪ್ಪ "ಇಸ್ಕೂಲು ಸಾಕು ಬುಡು" ಅಂದರು. ಪುಸ್ತಕಗಳು ಅಟ್ಟ ಸೇರಿವೆ. ನಾನು ಪಡಸಾಲೆಗೂ ಹಿತ್ತಿಲಿಗೂ ಸುಮ್ಮನೆ ಓಡಾಡುತ್ತಿದ್ದೇನೆ, ಒಂದು ಕಡೆ ಕೂರಲಾಗುತ್ತಿಲ್ಲ.

ಬಿ.ಎ. ಹಾಗಿರಲಿ ಮೇಡಂ. ಎಸ್ಸೆಸ್ಸೆಲ್ಸಿ ಪಾಠಗಳನ್ನೂ ಯಾರಾದರೂ ಅಂಚೆಯಲ್ಲಿ ಕಳಿಸುತ್ತಾರೆಯೇ? ದಯವಿಟ್ಟು ಬೇಗ ತಿಳಿಸಿ. ಕಾಗದವನ್ನು ನನ್ನ ಹೆಸರಿಗೆ ಬರೆಯಬೇಡಿ, ಅಪ್ಪನ ಹೆಸರಿಗೆ ಬರೆಯಿರಿ. ಅವರಿಗೆ ಬರುವ ಕಾಗದಗಳನ್ನೆಲ್ಲ ಓದಿ ಹೇಳುವವಳು ನಾನೇ.

ನಿಮ್ಮ ವಿದ್ಯಾರ್ಥಿನಿ,
ಸಿದ್ದಗಂಗಮ್ಮ