ಗ್ರಂಥಾಲಯದ ಸಭೆಯಲ್ಲಿ ನಾನು ಹೇಳಿದ್ದು

ಹಾಲ್ಸೆಟ್, ನೆಬ್ರಾಸ್ಕಾ
೨೧ ಫೆಬ್ರವರಿ ೨೦೧೩

ಪ್ರೀತಿಯ ಮಗಳು ಕೊರಿನ್‌ಗೆ,

ನಿನ್ನ ದವಡೆ ಹೇಗಿದೆ? ಗಟ್ಟಿ ರೊಟ್ಟಿ ಅಗಿಯಲು ಆಗುತ್ತಿದೆಯೇ? ಪುಟ್ಟ ಈಡಿಯ ಕೆಮ್ಮು ಹೋಯಿತೇ? ನಾವು ಸೌಖ್ಯ. ಅಪ್ಪನ ಮೊಣಕಾಲು ಮಾತ್ರ ಹಿಮ ಬೀಳುವ ಹಿಂದಿನ ದಿನವೇ ಸುದ್ದಿ ಕೊಡುತ್ತದೆ. ನೀವಿರುವ ಊರಿನಲ್ಲಿ ಹಿಮ ಬಿದ್ದಿದೆಯೇ ಎಂದು ಕೇಳುವುದಿಲ್ಲ. ವಿಳಾಸ ಗುಟ್ಟಾಗಿಡುವ ಸರ್ಕಾರದ ಅಂಚೆಪೆಟ್ಟಿಗೆ ಸುತ್ತಿಕೊಂಡು ಈ ಕಾಗದ ನಿನ್ನ ಕೈ ಸೇರಿದರೆ ಸಾಕು.

ನಿಮ್ಮಿಬ್ಬರನ್ನು ಆಶ್ರಯಮನೆಗೆ ಕರೆದೊಯ್ದ ಟ್ವೈಲಾ ಹೋದ ವಾರ ಬಂದಿದ್ದಳು. ಮನೆಯವರಿಂದಲೇ ಹೊಡೆತ ತಿಂದವರನ್ನು ಕಾಯುವ ಕಾನೂನಿನ ಅವಧಿ ಮುಗಿದು ವರ್ಷ ದಾಟಿದೆಯಂತೆ. ವಾಷಿಂಗ್ಟನ್ನಿನವರು ನವೀಕರಿಸದಿದ್ದರೆ ಆಶ್ರಯಮನೆ ಎಷ್ಟು ದಿನ ನಡೆದೀತೋ, ನಿನಗೆ ರಕ್ಷಣಾ ಆದೇಶ ಕೊಡಿಸಿದ ವಕೀಲೆ ಎಷ್ಟು ದಿನ ಇದ್ದಾಳೋ ಹೇಳಲಾಗದು ಎಂದಳು. "ಮಂಗಳವಾರ ಸಂಸದರು ಗ್ರಂಥಾಲಯಕ್ಕೆ ಬರ್ತಾರೆ ವರ್ನಾ, ನೀವು ಎರಡೇ ನಿಮಿಷ ಮಾತಾಡಿ" ಎಂದು ಬೇಡಿಕೊಂಡಳು. ಚರ್ಚಿನ ಊಟದಲ್ಲಿ ಪ್ರಾರ್ಥನೆ ಹೇಳಲೂ ಹಿಂದೆ ಸರಿಯುವವಳು ನಾನು. ಆದರೂ ಹೋದೆ. ಅಪ್ಪ ಟ್ರಕ್ಕಿನಲ್ಲೇ ಕೂತಿರುತ್ತೇನೆ ಎಂದರು.

ನಿನ್ನ ಹೆಸರು ಹೇಳಲಿಲ್ಲ. ಈ ಊರಿನಲ್ಲಿ ಹೇಳಬೇಕಾಗಿಯೂ ಇರಲಿಲ್ಲ. ಬರೆದುಕೊಂಡು ಹೋಗಿದ್ದನ್ನು ಓದುತ್ತಿದ್ದೆ. ಅಷ್ಟರಲ್ಲಿ ನಿನ್ನ ಗಂಡನಾಗಿದ್ದ ಕರ್ಟ್‌ನ ದೊಡ್ಡಪ್ಪ ಹಾರ್ಲನ್ ಕೂತಲ್ಲಿಂದಲೇ, "ಮನೆ ವಿಷ್ಯ ಮನೇಲಿರ್ಲಿ ವರ್ನಾ, ಬೀದಿಗ್ಯಾಕೆ ತರ್ತೀಯ?" ಎಂದ. ಆಮೇಲೆ ಕಾಗದ ನೋಡಲು ಆಗಲಿಲ್ಲ. "ಹನ್ನೊಂದು ವರ್ಷ ಮನೇಲೇ ಇಟ್ಟಿದ್ವಲ್ಲ ಹಾರ್ಲನ್. ಮೂಳೆ ಮುರಿದಿದ್ದೂ ಮನೇಲೇ. ಅವಳು ಮೊದಲ್ನೇ ಸಲ ಫೋನ್ ಮಾಡಿ ಅತ್ತಾಗ, ಹೊಂದ್ಕೊಂಡು ಹೋಗು, ಗಂಡಸ್ರು ಹಂಗೇ ಅಂತ ಅಂದವಳು ನಾನೇ. ನನ್ನಂಥ ತಾಯಂದ್ರು ಇರೋದ್ರಿಂದ್ಲೇ ಕಾನೂನು ಬೇಕು" ಎಂದುಬಿಟ್ಟೆ. ನಿನ್ನೆದುರು ಇದನ್ನು ಒಮ್ಮೆಯೂ ಹೇಳಿಲ್ಲ, ಕೊರಿನ್. ಅಷ್ಟು ಜನರೆದುರು ಹೇಳಿದ್ದಕ್ಕಿಂತ ಈಗ ನಿನಗೆ ಬರೆಯುವುದೇ ಕಷ್ಟವಾಗುತ್ತಿದೆ.

ಸಂಸದರು, "ಯೋಚನೆ ಮಾಡ್ತೀನಮ್ಮ" ಎಂದರು. ಆಗ ಹಿಂದಿನಿಂದ, "ಯೋಚನೆ ಮಾಡೋಕೆ ಒಂದು ವರ್ಷ ಸಾಕಾಗ್ಲಿಲ್ವಾ ಸ್ವಾಮಿ? ಹೂಂ ಅನ್ನಿ, ಇಲ್ಲಾ ಊಹೂಂ ಅನ್ನಿ" ಎಂಬ ಮಾತು ಕೇಳಿಸಿತು. ತಿರುಗಿದರೆ ನಿನ್ನ ಅಪ್ಪ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಸಂಸದರು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಹೊರಡುವಾಗ ಮೂವರು ಹೆಂಗಸರು ನನ್ನ ತೋಳು ಒತ್ತಿ ಹೋದರು. ಅವರಲ್ಲಿ ಒಬ್ಬಳು ಹಾರ್ಲನ್‌ನ ಹೆಂಡತಿ.

ಸೋಮವಾರ ನಾವಿಬ್ಬರೂ ಟ್ವೈಲಾಳ ಜೊತೆ ಬಸ್ಸಿನಲ್ಲಿ ವಾಷಿಂಗ್ಟನ್ನಿಗೆ ಹೊರಡುತ್ತೇವೆ. ಸಂಸದರ ಕಚೇರಿಯ ಬಾಗಿಲಲ್ಲೇ ಕೇಳುತ್ತೇವೆ. ಅಪ್ಪ ಆಗಲೇ ಬೂಟಿಗೆ ಪಾಲಿಶ್ ಹಾಕಿ ಇಟ್ಟಿದ್ದಾರೆ.

ದೇವರು ನಿಮ್ಮಿಬ್ಬರ ಬೆನ್ನಿಗಿರಲಿ. ಈಡಿಗೆ ಅಜ್ಜನ ಮುತ್ತು.

ನಿನ್ನ ಅಮ್ಮ,
ವರ್ನಾ

ತಾ.ಕ.: ಭಾನುವಾರ ಕರ್ಟ್ ಬಾಗಿಲಿಗೆ ಬಂದಿದ್ದ. ನಿನ್ನ ವಿಳಾಸ ಕೇಳಿದ. ಗೊತ್ತಿಲ್ಲ ಎಂದೆ, ಅದು ನಿಜವೂ ಆಗಿತ್ತು. ಷೆರಿಫ್‌ಗೆ ದೂರು ಬರೆಸಿದ್ದೇನೆ. ಅವನು ಹೋದ ಮೇಲೆ ನೀನು ಕಳಿಸಿದ ಫೋಟೋ ನೋಡಿದೆ. ಈಡಿಯ ಹಿಂದೆ ಶಾಲೆಯ ಹೆಸರಿನ ಫಲಕವಿತ್ತು. ಕನ್ನಡಕ ಹಾಕುವ ಮೊದಲೇ ಆ ಭಾಗ ಕತ್ತರಿಸಿ ಒಲೆಗೆ ಹಾಕಿದೆ. ಇನ್ನು ಮುಂದೆ ಬರೀ ಗೋಡೆಯ ಮುಂದೆ ನಿಲ್ಲಿಸಿ ಫೋಟೋ ತೆಗಿ. ನಾನೇ ಅತ್ತು ಕೇಳಿದರೂ ಊರಿನ ಹೆಸರು ಹೇಳಬೇಡ.