ಗೇಣೆತ್ತರದ ಮೆಟ್ಟಿಲು

ಹದಿನೆಂಟನೇ ತಾರೀಖು, ಮಂಗಳವಾರ

ನನ್ನ ಮೊಂಡು ಮೊಮ್ಮಗಳಿಗೆ ಅಜ್ಜಿಯ ಆಶೀರ್ವಾದ.

ಆಶೀರ್ವಾದ ಮುಗಿಯಿತು, ಇನ್ನು ಬೈಗುಳ ಓದು. ಕಣ್ಣಿನ ಡಾಕ್ಟರು ಆಚೆ ದಡದಲ್ಲಿದ್ದಾರೆ ಎಂದು ಎಪ್ಪತ್ತಾರು ವರ್ಷದ ಮುದುಕಿಯನ್ನು ದೋಣಿ ಹತ್ತಿಸಿದೆಯಲ್ಲ, ನಾಚಿಕೆಯಾಗಲಿಲ್ಲವೇ? ಅರ್ಧ ದಾರಿಯಲ್ಲಿ ದೋಣಿಯವನು ಹಲ್ಲು ಕಿರಿದು, ಡಾಕ್ಟರೂ ಇಲ್ಲ ಗೀಕ್ಟರೂ ಇಲ್ಲ ಅಜ್ಜಿ, ದೀಪದ ದ್ವೀಪಕ್ಕೆ ಕರ್ಕೊಂಡು ಹೋಗು ಅಂದಿದಾಳೆ ನಿಮ್ಮ ಮೊಮ್ಮಗಳು ಎಂದ. ನೀರಿನ ನಡುವೆ ಇಳಿದು ಹೋಗುವುದಾದರೂ ಎಲ್ಲಿಗೆ? ಇಬ್ಬರಿಗೂ ಸೇರಿಸಿ ಬೈದೆ. ಅವನ ಪಾಲು ಅವನಿಗೆ ಅಲ್ಲೇ ಸಿಕ್ಕಿತು, ನಿನ್ನದು ಇದು.

ನಿಮ್ಮಜ್ಜ ಅಲ್ಲಿ ಹಡಗುಗಳಿಗೆ ದಾರಿ ತೋರುವ ದೀಪ ಹಚ್ಚಿದ್ದು ಇಪ್ಪತ್ತೆರಡು ವರ್ಷ. ತಿಂಗಳಲ್ಲಿ ಹದಿನೈದು ದಿನ ಅಲ್ಲೇ. ಒಂದು ದಿನವೂ ನನ್ನನ್ನು ಕರೆಯಲಿಲ್ಲ ಎಂದು ಕಂಡವರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಅದನ್ನು ಕೇಳಿ ಕೇಳಿಯೇ ನೀನು ಈ ಆಟ ಹೂಡಿದ್ದು, ಗೊತ್ತು.

ಈಗ ಅಲ್ಲಿ ನರಪಿಳ್ಳೆ ಇಲ್ಲ. ದೀಪ ತಾನೇ ಹತ್ತಿ ತಾನೇ ಆರುತ್ತದಂತೆ. ಗಾಳಿ, ಹಕ್ಕಿ, ಬಾಗಿಲಿಲ್ಲದ ಒಂದು ಕೋಣೆ, ಅದರ ಗೋಡೆಯಲ್ಲಿ ಅವರು ಅಂಗಿ ಸಿಕ್ಕಿಸುತ್ತಿದ್ದ ಮೊಳೆ. ಅಲ್ಲಿಂದ ದೀಪದವರೆಗೆ ಬಂಡೆಯಲ್ಲಿ ಕಡಿದ ಮೆಟ್ಟಿಲು. ಚಿಕ್ಕಂದಿನಿಂದಲೂ ನನ್ನ ಎಡಗಾಲು ಗೇಣಿಗಿಂತ ಮೇಲೆ ಏಳದು, ನಿನಗೆ ಗೊತ್ತಲ್ಲ. ನಾನಿಲ್ಲೇ ಕೂರುತ್ತೇನೆ ಎಂದೆ. ಹತ್ತಿ ನೋಡಿ ಅಜ್ಜಿ, ಇವು ಮಕ್ಕಳ ಮೆಟ್ಟಿಲು, ಹಳೇ ದೀಪದವರು ಇದ್ದ ದೊಡ್ಡ ಮೆಟ್ಟಿಲನ್ನ ಒಡೆದು ಒಡೆದು ಚಿಕ್ಕದು ಮಾಡಿದ್ರಂತೆ, ತಲೆ ಕೆಟ್ಟಿತ್ತೇನೋ ಅಂತ ನಮ್ಮಪ್ಪ ನಗ್ತಿದ್ದ ಎಂದ ದೋಣಿಯವನು.

ಕಾಲಿಟ್ಟೆ. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಸರಿಯಾಗಿ ಕೂತಿತು. ಎಡಗಾಲು ಎತ್ತಿದೆ. ಅದೂ ನೋಯದೆ ಮೇಲೆ ಹೋಗಿ ಕೂತಿತು.

ಮದುವೆಯಾದ ಆರನೇ ವರ್ಷ ನಿಮ್ಮಜ್ಜ ಒಂದು ದಾರ ತಂದು ನನ್ನ ಪಾದದ ಉದ್ದ ಅಳೆದು ಗಂಟು ಹಾಕಿದ್ದರು. ಆಮೇಲೆ ಎಡಗಾಲೆತ್ತು ಎಂದು, ನೆಲದಿಂದ ಎಷ್ಟು ಏಳುತ್ತದೋ ಅಷ್ಟಕ್ಕೆ ಇನ್ನೊಂದು ಗಂಟು ಹಾಕಿಕೊಂಡರು. ಚಪ್ಪಲಿ ಬರುತ್ತದೆ ಎಂದು ಕಾದೆ. ಬರಲಿಲ್ಲ. ಆ ಬಾರದ ಚಪ್ಪಲಿಯಲ್ಲೇ ಅವರಿಗೆ ಮೂವತ್ತು ವರ್ಷ ಹೊಡೆದೆ, ಮಾತಿನಲ್ಲಿ. ಒಮ್ಮೆಯೂ ಬಾಯಿ ಬಿಡಲಿಲ್ಲ, ಪುಣ್ಯಾತ್ಮ.

ನಲವತ್ತೊಂದು ಮೆಟ್ಟಿಲು ಯಾರ ಕೈಯನ್ನೂ ಹಿಡಿಯದೆ ಹತ್ತಿದೆ. ಕಣ್ಣಲ್ಲಿ ಯಾಕಜ್ಜಿ ನೀರು ಎಂದ ದೋಣಿಯವನು. ಅದಕ್ಕೇ ಡಾಕ್ಟರ ಹತ್ತಿರ ಹೊರಟಿದ್ದು ಎಂದೆ.

ಸುಳ್ಳಿ, ನಿನ್ನ ಹೊಟ್ಟೆ ತಣ್ಣಗಿರಲಿ. ನೀನು ನಿಜ ಹೇಳಿದ್ದರೆ ನಾನು ದೋಣಿ ಹತ್ತುತ್ತಿರಲಿಲ್ಲ, ಅವರ ಮೇಲಿನ ದೂರನ್ನು ಹೊತ್ತುಕೊಂಡೇ ಹೋಗಿಬಿಡುತ್ತಿದ್ದೆ.

ಇತಿ,
ನಿನ್ನ ಬಾಯಿಬಡುಕಿ ಅಜ್ಜಿ

ತಾ.ಕ.: ಇದನ್ನು ನಿಮ್ಮಮ್ಮನಿಗೆ ಓದಿ ಹೇಳಬೇಡ. ಮೇಲಿನ ನಾಲ್ಕು ಮೆಟ್ಟಿಲು ಮೊದಲಿನಂತೆ ಮೊಣಕಾಲೆತ್ತರವೇ ಉಳಿದಿವೆ, ನಾನು ದೀಪ ಮುಟ್ಟಲಿಲ್ಲ. ಕರೆಯಲಿಲ್ಲ ಎಂದೆನಲ್ಲ, ಅದು ಸುಳ್ಳು. ಒಂದು ದಿನ ದೋಣಿ ತಂದು, ಬಾ, ಒಂದು ತೋರಿಸಬೇಕು ಎಂದು ಕರೆದಿದ್ದರು. ಚಪ್ಪಲಿ ಬಂದ ದಿನ ಬರುತ್ತೇನೆ ಎಂದು ಬಾಗಿಲು ಹಾಕಿಕೊಂಡೆ. ಆಮೇಲೆ ಕರೆಯಲೂ ಇಲ್ಲ, ಆ ನಾಲ್ಕನ್ನು ಕಡಿಯಲೂ ಇಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಆ ನಾಲ್ಕಕ್ಕೆ ನಿನ್ನ ಕೈ ಬೇಕು. ಮುಂದಿನ ತಿಂಗಳು ಕಡಲು ಕೆಡುತ್ತದೆ, ದೋಣಿ ಬಿಡುವುದಿಲ್ಲವಂತೆ. ಈ ತಿಂಗಳು ಮುಗಿಯುವುದರೊಳಗೆ ಯಾವ ದಿನ ಬರುತ್ತೀ ಎಂದು ಬರೆ.